ಮೊದಲು ಕಾಲೇಜು, ಆಮೇಲೆ ಪರೀಕ್ಷೆ: ಎಂಬಿಎ ಸೇರುವವರು ಹಾಕಿ ನೋಡಬೇಕಾದ ಲೆಕ್ಕ

ಡಿಗ್ರಿ ಕೊನೆಯ ವರ್ಷದಲ್ಲಿರುವವರ ಜೊತೆ ಎಂಬಿಎ ಮಾತು ಬಂದರೆ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಕ್ಯಾಟ್ ಬರೀಬೇಕಾ, ಪಿಜಿಸಿಇಟಿ ಸಾಕಾ?" ಕ್ಯಾಟ್ ಐಐಎಂಗಳು ಕೇಳುವ ಪ್ರವೇಶ ಪರೀಕ್ಷೆ, ಪಿಜಿಸಿಇಟಿ ನಮ್ಮ ರಾಜ್ಯದ್ದು. ಈ ಪ್ರಶ್ನೆ ಕೊನೆಗೆ ಬರಬೇಕು. ನಾವು ಸೇರಬೇಕೆಂದಿರುವ ಕಾಲೇಜು ಯಾವ ಪರೀಕ್ಷೆಯ ಅಂಕ ಕೇಳುತ್ತದೋ ಅದನ್ನು ಬರೆಯಬೇಕು, ಅಷ್ಟೇ. ಕಾಲೇಜು ಯಾವುದು ಅನ್ನುವುದು ಎರಡು ವಿಷಯದ ಮೇಲೆ ನಿಂತಿದೆ. ಓದು ಮುಗಿದ ಮೇಲೆ ಎಂಥ ಕೆಲಸ ಬೇಕು? ಅದಕ್ಕಾಗಿ ಎಷ್ಟು ಸಾಲ ಹೊರಬಹುದು? ಇವೆರಡನ್ನೂ ಬಿಟ್ಟು ಸುಮ್ನೆ ಕೋಚಿಂಗ್‌ಗೆ ದುಡ್ಡು ಕಟ್ಟಿದವರು, ರಿಸಲ್ಟ್ ಬಂದ ದಿನ ಸಿಕ್ಕಿದ ಕಾಲೇಜಿಗೆ ಸೇರಿಬಿಡುತ್ತಾರೆ.

ಯಾರು ಯಾವ ಅಂಕ ಕೇಳುತ್ತಾರೆ ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ದೇಶದಲ್ಲಿ ಈಗ ಕೇಂದ್ರ ಸರ್ಕಾರದ ಮ್ಯಾನೇಜ್‌ಮೆಂಟ್ ಸಂಸ್ಥೆಗಳಾದ ಐಐಎಂಗಳು 20ಕ್ಕೂ ಹೆಚ್ಚಿವೆ. ಅವುಗಳ ಎರಡು ವರ್ಷದ ಮುಖ್ಯ ಕೋರ್ಸಿಗೆ ಕ್ಯಾಟ್ ಬೇಕು. 1961ರಲ್ಲಿ ಶುರುವಾದ ಕಲ್ಕತ್ತಾ, ಅಹಮದಾಬಾದ್ ಐಐಎಂಗಳಿಗೂ 1973ರಲ್ಲಿ ಶುರುವಾದ ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂಗೂ ಅದೇ ಪರೀಕ್ಷೆ. ದೆಹಲಿ ವಿಶ್ವವಿದ್ಯಾಲಯದ ಎಫ್‌ಎಂಎಸ್ ಕೂಡ ಕ್ಯಾಟ್ ಅಂಕವನ್ನೇ ನೋಡುತ್ತದೆ. ಜಮ್‌ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐಗೆ ಕ್ಸಾಟ್, ಸಿಂಬಯೋಸಿಸ್ ಕಾಲೇಜುಗಳಿಗೆ ಸ್ನ್ಯಾಪ್, ಮುಂಬೈನ ಎನ್‌ಎಂಐಎಂಎಸ್‌ಗೆ ಎನ್‌ಮ್ಯಾಟ್. ಮಣಿಪಾಲದ ಟ್ಯಾಪ್ಮಿಯಂಥ ಸಂಸ್ಥೆಗಳು ಒಂದಕ್ಕಿಂತ ಜಾಸ್ತಿ ಪರೀಕ್ಷೆಗಳ ಅಂಕ ಒಪ್ಪುತ್ತವೆ. ಹೈದರಾಬಾದಿನ ಐಎಸ್‌ಬಿಯ ಒಂದು ವರ್ಷದ ಕೋರ್ಸು ಕೆಲಸ ಮಾಡಿ ಅನುಭವ ಇರುವವರಿಗೆ, ಅಲ್ಲಿ ಜಿಮ್ಯಾಟ್ ಅಥವಾ ಜಿಆರ್‌ಇ. ಕರ್ನಾಟಕದ ವಿಶ್ವವಿದ್ಯಾಲಯಗಳ ಎಂಬಿಎ ವಿಭಾಗಗಳಿಗೆ, ಅವುಗಳಿಗೆ ಸೇರಿದ ಕಾಲೇಜುಗಳ ಸರ್ಕಾರಿ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ ಇದೆ. ಖಾಸಗಿ ಕಾಲೇಜುಗಳ ಒಕ್ಕೂಟದ ಕೆಮ್ಯಾಟ್ ಬೇರೆ.

ಎಂಬಿಎ, ಪಿಜಿಡಿಎಂ ಎಂಬ ಎರಡು ಹೆಸರು ನೋಡಿ ತುಂಬ ಜನ ಗಾಬರಿಯಾಗುತ್ತಾರೆ. ವಿಶ್ವವಿದ್ಯಾಲಯ ಕೊಡುವುದು ಎಂಬಿಎ ಪದವಿ. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ಒಪ್ಪಿಗೆ ಪಡೆದ ಸ್ವತಂತ್ರ ಸಂಸ್ಥೆ ಕೊಡುವುದು ಪಿಜಿಡಿಎಂ ಡಿಪ್ಲೊಮಾ. ಐಐಎಂಗಳೂ ಮೊದಲು ಡಿಪ್ಲೊಮಾವನ್ನೇ ಕೊಡುತ್ತಿದ್ದವು. 2017ರ ಐಐಎಂ ಕಾಯ್ದೆ ಬಂದ ಮೇಲೆ ಪದವಿ ಕೊಡುತ್ತಿವೆ. ಕಂಪನಿಗಳು ಈ ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ನೀವು ನೋಡಬೇಕಾದದ್ದು ಒಪ್ಪಿಗೆ ಇದೆಯೋ ಇಲ್ಲವೋ ಎಂಬುದನ್ನು. ಅದನ್ನೂ ಕಾಲೇಜಿನ ಬ್ರೋಷರಿನಲ್ಲಿ ನೋಡಬೇಡಿ, ಎಐಸಿಟಿಇ ಅಥವಾ ಯುಜಿಸಿ ಪಟ್ಟಿಯಲ್ಲೇ ಹುಡುಕಿ.

ಸರಾಸರಿ ಸಂಬಳ ಎಂಬ ಮೋಸದ ಅಂಕಿ

ಕಾಲೇಜು ಆರಿಸುವಾಗ ಎಲ್ಲರ ಕಣ್ಣು ಹೋಗುವುದು ಪ್ಲೇಸ್‌ಮೆಂಟ್ ಜಾಹೀರಾತಿನ ಕಡೆಗೆ. "ಸರಾಸರಿ ಪ್ಯಾಕೇಜ್ 12 ಲಕ್ಷ" ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಸುಳ್ಳೇನೂ ಅಲ್ಲದಿರಬಹುದು. ಆದರೂ ಅದನ್ನು ಬಿಡಿಸಿ ನೋಡಬೇಕು.

ಹತ್ತೇ ಜನರಿರುವ ಒಂದು ತರಗತಿ ಅಂದುಕೊಳ್ಳಿ. ಒಂಬತ್ತು ಜನಕ್ಕೆ ತಲಾ 8 ಲಕ್ಷದ ಕೆಲಸ ಸಿಕ್ಕಿತು. ಒಬ್ಬನಿಗೆ 48 ಲಕ್ಷದ್ದು. ಒಟ್ಟು 120 ಲಕ್ಷ, ಹತ್ತರಿಂದ ಭಾಗಿಸಿದರೆ ಸರಾಸರಿ 12 ಲಕ್ಷ. ಆ ತರಗತಿಯಲ್ಲಿ 12 ಲಕ್ಷ ಪಡೆದವರು ಒಬ್ಬರೂ ಇಲ್ಲ! ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ ನಡುವಿನವರ ಸಂಬಳ ಕೇಳಿದರೆ 8 ಲಕ್ಷ ಅನ್ನುತ್ತಾರೆ. ಈ ನಡುವಿನ ಅಂಕಿಗೆ ಮೀಡಿಯನ್ ಎನ್ನುತ್ತಾರೆ. ನೀವು ಕೇಳಬೇಕಾದದ್ದು ಅದನ್ನು. ಇನ್ನೂ ಸರಿಯಾಗಿ ತಿಳಿಯಬೇಕಾದರೆ ಕೆಳಗಿನ ಕಾಲುಭಾಗದವರಿಗೆ ಎಷ್ಟು ಸಿಕ್ಕಿದೆ ಎಂದು ಕೇಳಿ. ನಾನೂ ಅಲ್ಲೇ ಉಳಿದರೆ ಸಾಲ ತೀರುತ್ತದಾ ಅನ್ನುವುದು ಆಗ ಗೊತ್ತಾಗುತ್ತದೆ.

ಜಾಹೀರಾತಿನ ಅಂಕಿಯಲ್ಲಿ ಇನ್ನೂ ಕೆಲವು ಸೇರಿಕೊಂಡಿರುತ್ತವೆ. ಒಮ್ಮೆ ಮಾತ್ರ ಕೊಡುವ ಜಾಯಿನಿಂಗ್ ಬೋನಸ್, ಗುರಿ ಮುಟ್ಟಿದರೆ ಮಾತ್ರ ಬರುವ ವೇರಿಯಬಲ್ ಪೇ, ಐದು ವರ್ಷ ಅಲ್ಲೇ ಇದ್ದರೆ ಸಿಗುವ ಗ್ರಾಚ್ಯುಟಿ, ಇವೆಲ್ಲ ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚಿನ ಲೆಕ್ಕಕ್ಕೆ ಬರುತ್ತವೆ. ಕೆಲಸ ಸಿಗದವರನ್ನು "ಪ್ಲೇಸ್‌ಮೆಂಟ್ ಬೇಡ ಅಂದವರು" ಎಂಬ ಗುಂಪಿಗೆ ಹಾಕಿ ಲೆಕ್ಕದಿಂದ ಬಿಡುವುದೂ ಉಂಟು. ಐಐಎಂ ಅಹಮದಾಬಾದ್ ಇದಕ್ಕಾಗಿಯೇ ಐಪಿಆರ್‌ಎಸ್ ಎಂಬ ವರದಿಯ ನಿಯಮಾವಳಿ ತಂದಿತು. ಎಷ್ಟು ಜನ ಇದ್ದರು, ಎಷ್ಟು ಜನ ಪ್ಲೇಸ್‌ಮೆಂಟಿಗೆ ಕೂತರು, ಕೈಗೆ ಬರುವ ನಿಗದಿತ ಸಂಬಳ ಎಷ್ಟು ಎಂದು ಬೇರೆ ಬೇರೆಯಾಗಿ ತೋರಿಸಿ, ಹೊರಗಿನವರಿಂದ ಲೆಕ್ಕ ಪರಿಶೀಲನೆ ಮಾಡಿಸುವ ಕ್ರಮ ಅದು. ಅಂಥ ವರದಿ ಪ್ರಕಟಿಸುವ ಕಾಲೇಜನ್ನು ನಾನು ಜಾಸ್ತಿ ನಂಬುತ್ತೇನೆ. ಪ್ರಕಟಿಸದಿದ್ದರೆ ಎರಡು ವರ್ಷದ ಹಿಂದೆ ಪಾಸಾದವರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ ನೋಡಿ. ಅವರ ಈಗಿನ ಹುದ್ದೆ ಯಾವುದು, ಯಾವ ಕಂಪನಿಯಲ್ಲಿದ್ದಾರೆ? ಇಪ್ಪತ್ತು ಜನರದ್ದು ನೋಡಿದರೆ ಚಿತ್ರ ತಾನಾಗಿ ಮೂಡುತ್ತದೆ. ಒಂದಿಬ್ಬರಿಗೆ ಮರ್ಯಾದೆಯಿಂದ ಮೆಸೇಜ್ ಹಾಕಿದರೆ ಉತ್ತರವನ್ನೂ ಕೊಡುತ್ತಾರೆ, ಅದರಲ್ಲೂ ಕನ್ನಡದವರಾದರೆ ಮನಸ್ಸು ಬಿಚ್ಚಿ ಮಾತಾಡುತ್ತಾರೆ.

ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ನೋಡುವುದು ಒಳ್ಳೆಯದೇ. ಆದರೆ ಅದರಲ್ಲಿ ಸಂಶೋಧನೆಗೆ, ಬೋಧಕರ ಸಂಖ್ಯೆಗೆ, ಕಾಲೇಜಿನ ಖರ್ಚಿಗೆ ಎಲ್ಲಕ್ಕೂ ಅಂಕವಿದೆ. ಕೆಲಸ, ಸಂಬಳ ಒಂದು ಪಾಲು ಮಾತ್ರ. 40ನೇ ಸ್ಥಾನದ ಕಾಲೇಜಿಗಿಂತ 60ನೇ ಸ್ಥಾನದ್ದು ನಿಮಗೆ ಬೇಕಾದ ಕೆಲಸಕ್ಕೆ ಹೆಚ್ಚು ಒಗ್ಗಬಹುದು.

ಈಗ ಸಾಲದ ಲೆಕ್ಕ. 15 ಲಕ್ಷ ಸಾಲ, ಶೇ 10 ಬಡ್ಡಿ, ತೀರಿಸಲು 7 ವರ್ಷ. ತಿಂಗಳ ಕಂತು ಸುಮಾರು 24,900 ರೂಪಾಯಿ. ಏಳು ವರ್ಷಕ್ಕೆ ಕಟ್ಟುವುದು ಹೆಚ್ಚುಕಡಿಮೆ 21 ಲಕ್ಷ. ಓದುವಾಗ ಏರುವ ಬಡ್ಡಿ ಇದರ ಮೇಲೆ. ಸಿಟಿಸಿ 8 ಲಕ್ಷ ಇದ್ದರೆ ಪಿಎಫ್, ವೇರಿಯಬಲ್ ಎಲ್ಲ ಬಿಟ್ಟು ತಿಂಗಳಿಗೆ ಕೈಗೆ 55 ಸಾವಿರ ಬರುತ್ತದೆ ಅಂದುಕೊಳ್ಳಿ. ಕಂತು ಹೋದರೆ ಉಳಿಯುವುದು 30 ಸಾವಿರ. ಅದರಲ್ಲಿ ಬೆಂಗಳೂರಿನ ಬಾಡಿಗೆ, ಊಟ, ಓಡಾಟ, ಮನೆಗೆ ಕಳಿಸುವ ದುಡ್ಡು. ಈ ಲೆಕ್ಕವನ್ನು ಅಪ್ಪ ಅಮ್ಮನ ಜೊತೆ ಕೂತು ಒಂದು ಹಾಳೆಯ ಮೇಲೆ ಹಾಕಿ. ಜಮೀನು ಅಡ ಇಡುವ ಮಾತು ಬಂದಿರುವ ಮನೆಗಳಲ್ಲಂತೂ ಇದು ಆಗಲೇಬೇಕು.

ನನ್ನ ಅಳತೆ ಸರಳ. ಕೋರ್ಸಿನ ಒಟ್ಟು ಖರ್ಚು ಆ ಕಾಲೇಜಿನ ಮೀಡಿಯನ್ ಸಂಬಳದ ಒಂದೂವರೆ ಪಟ್ಟು ದಾಟಿದರೆ ಎರಡು ಸಲ ಯೋಚಿಸಿ. ಐಐಎಂ ಬೆಂಗಳೂರಿನ ಫೀಸು 25 ಲಕ್ಷದ ಆಸುಪಾಸಿದ್ದರೂ ಅಲ್ಲಿನ ಸಂಬಳ ಆ ಸಾಲವನ್ನು ಹೊರುತ್ತದೆ. ದೆಹಲಿಯ ಎಫ್‌ಎಂಎಸ್ ಎರಡು-ಮೂರು ಲಕ್ಷದಲ್ಲೇ ಮುಗಿಯುವುದರಿಂದ ಅಲ್ಲಿಗೆ ಅಷ್ಟು ಪೈಪೋಟಿ. ಪಿಜಿಸಿಇಟಿಯ ಸರ್ಕಾರಿ ಸೀಟು ಕಡಿಮೆ ಫೀಸಿನಲ್ಲಿ ಸಿಗುತ್ತದೆ, ಸಾಲದ ಭಾರ ಅಷ್ಟಿರುವುದಿಲ್ಲ. ನಿಜವಾಗಿ ಅಪಾಯ ಇರುವುದು ನಡುವಿನ ಕಾಲೇಜುಗಳಲ್ಲಿ: ಫೀಸು 12-15 ಲಕ್ಷ, ಮೀಡಿಯನ್ ಸಂಬಳ 5-6 ಲಕ್ಷ. ಅಂಥ ಕಡೆ ಸೇರುವ ಬದಲು ಎರಡು ವರ್ಷ ಕೆಲಸ ಮಾಡಿ ಇನ್ನೊಮ್ಮೆ ಕ್ಯಾಟ್ ಬರೆಯುವುದು ಮೇಲು. ಅನುಭವಕ್ಕೆ ಐಐಎಂಗಳಲ್ಲಿ ಅಂಕವೂ ಇದೆ.

ಪರ್ಸೆಂಟೈಲ್ ಅಂದರೆ ಶೇಕಡಾ ಅಲ್ಲ

ಕ್ಯಾಟ್ ಫಲಿತಾಂಶದಲ್ಲಿ "99 ಪರ್ಸೆಂಟೈಲ್" ಅಂತ ಬಂದರೆ ನೂರಕ್ಕೆ 99 ಅಂಕ ಬಂತು ಎಂದು ಊರಲ್ಲಿ ಸುದ್ದಿಯಾಗುತ್ತದೆ. ವಿಷಯ ಬೇರೆ. ಬರೆದವರಲ್ಲಿ ನೂರಕ್ಕೆ 99 ಜನ ನಿಮಗಿಂತ ಹಿಂದಿದ್ದಾರೆ ಎಂದರ್ಥ. 2024ರಲ್ಲಿ ಕ್ಯಾಟ್ ಬರೆದವರು ಸುಮಾರು 2.93 ಲಕ್ಷ. ಅಂದರೆ 99 ಪರ್ಸೆಂಟೈಲ್ ಪಡೆದವರ ಮುಂದೆ ಇನ್ನೂ 2,900 ಜನ ಇದ್ದಾರೆ. 90 ಪಡೆದವರ ಮುಂದೆ 29 ಸಾವಿರ ಜನ. 90 ಕೇಳಲು ಚೆನ್ನಾಗಿದೆ, ಆದರೆ ಹಳೆಯ ಐಐಎಂಗಳಲ್ಲಿ ಸಾಮಾನ್ಯ ವರ್ಗದವರಿಗೆ ಸಂದರ್ಶನದ ಕರೆ ಬರಲು ಅದು ಸಾಲದು. ಇನ್ನೊಂದು ಕಡೆಯಿಂದ ನೋಡಿದರೆ ಧೈರ್ಯ ಬರುತ್ತದೆ. ಒಟ್ಟು ಅಂಕದ ಅರ್ಧ ಕೂಡ ಬಾರದೆ 99 ಪರ್ಸೆಂಟೈಲ್ ಸಿಕ್ಕ ವರ್ಷಗಳಿವೆ. ಪೂರ್ತಿ ಪೇಪರ್ ಬಿಡಿಸುವ ಅಗತ್ಯ ಯಾರಿಗೂ ಇಲ್ಲ.

ಪರೀಕ್ಷೆ ಒಂದೇ ದಿನ ಮೂರು ಪಾಳಿಯಲ್ಲಿ ನಡೆಯುತ್ತದೆ, ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ. ಬೆಳಗಿನ ಪೇಪರ್ ಕಷ್ಟ, ಸಂಜೆಯದು ಸುಲಭ ಎಂದಾಗಬಾರದಲ್ಲ, ಅದಕ್ಕೆ ಅಂಕಗಳನ್ನು ಸರಿಹೊಂದಿಸಿ ಪರ್ಸೆಂಟೈಲ್ ತೆಗೆಯುತ್ತಾರೆ. ಒಟ್ಟು ಪರ್ಸೆಂಟೈಲ್ ಸಾಲದು, ಪ್ರತಿ ವಿಭಾಗಕ್ಕೂ ಬೇರೆ ಕಟ್‌ಆಫ್, ಅಂದರೆ ದಾಟಲೇಬೇಕಾದ ಕನಿಷ್ಠ ಮಿತಿ, ಇರುತ್ತದೆ. ಒಟ್ಟಾರೆ 97 ಬಂದು ಇಂಗ್ಲಿಷಿನಲ್ಲಿ 60 ಬಂದರೆ ದೊಡ್ಡ ಕಾಲೇಜಿನ ಕರೆ ತಪ್ಪುತ್ತದೆ. ಅದರ ಮೇಲೆ ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಗ್ರಿಯ ಅಂಕಗಳಿಗೂ ತೂಕವಿದೆ. ಐಐಎಂ ಬೆಂಗಳೂರಿನಲ್ಲಿ ಈ ಹಳೆಯ ಅಂಕಗಳು ದೊಡ್ಡ ಪಾತ್ರ ವಹಿಸುತ್ತವೆ. ಪಿಯುಸಿಯಲ್ಲಿ ಕಡಿಮೆ ಬಂದಿದ್ದರೆ ಎದೆಗುಂದಬೇಡಿ. ಹಳೆಯ ಅಂಕಕ್ಕೆ ಕಡಿಮೆ ತೂಕ ಕೊಡುವ ಕಾಲೇಜುಗಳೂ ಇವೆ. ಪ್ರತಿ ಐಐಎಂ ತನ್ನ ಪ್ರವೇಶ ನೀತಿಯನ್ನು ವೆಬ್‌ಸೈಟಿನಲ್ಲಿ ಹಾಕುತ್ತದೆ. ಅರ್ಜಿ ಹಾಕುವ ಮೊದಲು ಅದನ್ನು ಓದುವವರು ಕಡಿಮೆ. ನೀವು ಓದಿ.

ಎರಡು ಗಂಟೆಯ ಪೇಪರ್

ಕ್ಯಾಟ್‌ನಲ್ಲಿ ಮೂರು ವಿಭಾಗ: ಇಂಗ್ಲಿಷ್ ಓದು, ದತ್ತಾಂಶ-ತರ್ಕ, ಗಣಿತ. ಒಂದೊಂದಕ್ಕೆ 40 ನಿಮಿಷ. ಒಂದು ವಿಭಾಗದ ಸಮಯ ಉಳಿಸಿ ಇನ್ನೊಂದಕ್ಕೆ ಬಳಸುವಂತಿಲ್ಲ. 2024ರಲ್ಲಿ 24, 22, 22 ಎಂದು ಒಟ್ಟು 68 ಪ್ರಶ್ನೆಗಳಿದ್ದವು. ಸರಿ ಉತ್ತರಕ್ಕೆ 3 ಅಂಕ, ಆಯ್ಕೆಯ ಪ್ರಶ್ನೆ ತಪ್ಪಾದರೆ 1 ಅಂಕ ಕಳೆಯುತ್ತಾರೆ. ಉತ್ತರವನ್ನು ನಾವೇ ಟೈಪ್ ಮಾಡುವ ಪ್ರಶ್ನೆಗಳಿಗೆ ಕಳೆಯುವುದಿಲ್ಲ.

ಈ ನಿಯಮದ ಒಳಗೇ ಒಂದು ಗಣಿತ ಇದೆ. ನಾಲ್ಕು ಆಯ್ಕೆಗಳಲ್ಲಿ ಕಣ್ಣು ಮುಚ್ಚಿ ಒಂದನ್ನು ಒತ್ತಿದರೆ ನಾಲ್ಕು ಸಲದಲ್ಲಿ ಒಮ್ಮೆ 3 ಬರುತ್ತದೆ, ಮೂರು ಸಲ 1 ಹೋಗುತ್ತದೆ. ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದು ಆಯ್ಕೆ ಖಂಡಿತ ತಪ್ಪು ಎಂದು ಗೊತ್ತಾದರೆ ಉಳಿದದ್ದು ಮೂರು: ಒಮ್ಮೆ 3 ಬರುತ್ತದೆ, ಎರಡು ಸಲ 1 ಹೋಗುತ್ತದೆ. ಸ್ವಲ್ಪ ಲಾಭ. ಎರಡು ಆಯ್ಕೆ ಹೊಡೆದು ಹಾಕಿದರೆ ಪ್ರತಿ ಪ್ರಶ್ನೆಗೆ ಸರಾಸರಿ 1 ಅಂಕ ಲಾಭ. ಆದ್ದರಿಂದ "ಗೊತ್ತಿಲ್ಲದ್ದನ್ನು ಮುಟ್ಟಲೇಬೇಡ" ಅನ್ನುವ ಸಲಹೆಯನ್ನು ಪೂರ್ತಿ ಒಪ್ಪಬೇಡಿ. ಎರಡು ಆಯ್ಕೆ ತೆಗೆಯಬಲ್ಲಿರಾದರೆ ಉತ್ತರಿಸಿ. ಟೈಪ್ ಮಾಡುವ ಪ್ರಶ್ನೆಯನ್ನು ಖಾಲಿ ಬಿಡಲೇಬೇಡಿ. ಪಿಜಿಸಿಇಟಿಯಲ್ಲಿ 100 ಪ್ರಶ್ನೆ, ಎರಡು ಗಂಟೆ, ಅಂಕ ಕಳೆಯುವುದಿಲ್ಲ. ಅಲ್ಲಿ ಒಂದು ಪ್ರಶ್ನೆಯನ್ನೂ ಬಿಡಬಾರದು.

ಕನ್ನಡ ಮಾಧ್ಯಮದಲ್ಲಿ ಓದಿದವರು ಹೆದರುವುದು ಇಂಗ್ಲಿಷ್ ವಿಭಾಗಕ್ಕೆ. ಗ್ರಾಮರ್, ಕಠಿಣ ಪದಗಳ ಪಟ್ಟಿ ಬಾಯಿಪಾಠ ಮಾಡುತ್ತಾ ತಿಂಗಳುಗಟ್ಟಲೆ ಕಳೆಯುತ್ತಾರೆ. 2024ರ 24 ಪ್ರಶ್ನೆಗಳಲ್ಲಿ 16 ಪ್ರಶ್ನೆಗಳು ನಾಲ್ಕು ಉದ್ದನೆಯ ಗದ್ಯಭಾಗಗಳ ಮೇಲೆ ಇದ್ದವು. ಅಲ್ಲಿ ಪರೀಕ್ಷಿಸುವುದು ಲೇಖಕ ಏನು ಹೇಳಿದ, ಏನು ಹೇಳಲಿಲ್ಲ ಎಂದು ಬೇರ್ಪಡಿಸುವ ಶಕ್ತಿಯನ್ನು. ಕನ್ನಡದಲ್ಲೇ ಒಂದು ನಮೂನೆ ನೋಡಿ:

"ಕೆರೆಯ ಹೂಳೆತ್ತಿದರೆ ಸುತ್ತಲಿನ ಬಾವಿಗಳಲ್ಲಿ ನೀರು ಏರುತ್ತದೆ ಎಂಬುದು ಹಲವು ಊರುಗಳಲ್ಲಿ ನಿಜವಾಗಿದೆ. ಆದರೆ ಕೆರೆಗೆ ನೀರು ತರುವ ಕಾಲುವೆ ಮುಚ್ಚಿಹೋಗಿರುವ ಕಡೆ ಹೂಳೆತ್ತಿದರೂ ಕೆರೆ ತುಂಬಲಿಲ್ಲ."

ಲೇಖಕರ ಅಭಿಪ್ರಾಯ ಯಾವುದು? ಒಂದು, ಹೂಳೆತ್ತುವುದು ವ್ಯರ್ಥ. ಎರಡು, ಹೂಳೆತ್ತಿದರೆ ಬಾವಿಗಳಲ್ಲಿ ನೀರು ಏರುತ್ತದೆ. ಮೂರು, ಹೂಳೆತ್ತಿದ್ದರ ಫಲ ಕಾಲುವೆಯ ಸ್ಥಿತಿಯ ಮೇಲೂ ನಿಂತಿದೆ. ನಾಲ್ಕು, ಕಾಲುವೆಗಳ ಒತ್ತುವರಿಯನ್ನು ಸರ್ಕಾರ ತೆರವು ಮಾಡಬೇಕು.

ಒಂದನೆಯದು ಅತಿಯಾಯಿತು. ಎರಡನೆಯದು ಅರ್ಧ ಮಾತು. ನಾಲ್ಕನೆಯದು ನಮಗೆಲ್ಲ ಸರಿ ಅನ್ನಿಸುವ ಮಾತು, ಆದರೆ ಲೇಖಕ ಅದನ್ನು ಹೇಳೇ ಇಲ್ಲ. ಹೆಚ್ಚು ಜನ ಬೀಳುವುದು ಈ ಬಲೆಗೆ. ಉತ್ತರ ಮೂರು. ಕ್ಯಾಟ್‌ನ ಗದ್ಯಭಾಗಗಳಲ್ಲಿ ತಪ್ಪು ಆಯ್ಕೆಗಳು ಬಹುತೇಕ ಈ ಮೂರು ಜಾತಿಯವೇ. ಕನ್ನಡದಲ್ಲಿ ಇದು ನಿಮಗೆ ಬಂದರೆ ಬುದ್ಧಿ ಆಗಲೇ ತಯಾರಿದೆ, ಇಂಗ್ಲಿಷ್ ಓದುವ ವೇಗ ಮಾತ್ರ ಬೆಳೆಸಬೇಕು. ಅದಕ್ಕೆ ದಿನಕ್ಕೆ ಎರಡು ಇಂಗ್ಲಿಷ್ ಲೇಖನ ಓದಿ: ಒಂದು ಪತ್ರಿಕೆಯ ಸಂಪಾದಕೀಯ, ಇನ್ನೊಂದು ನಿಮಗೆ ಪರಿಚಯವಿಲ್ಲದ ವಿಷಯದ್ದು, ಇತಿಹಾಸವೋ ಮನಶ್ಶಾಸ್ತ್ರವೋ. ಓದಿ ಮುಗಿಸಿ ಲೇಖನ ಮುಚ್ಚಿಟ್ಟು, ಅದರ ಸಾರವನ್ನು ಎರಡು ಸಾಲಿನಲ್ಲಿ ಬರೆಯಿರಿ. ಮೊದಮೊದಲು ಕನ್ನಡದಲ್ಲೇ ಬರೆದರೂ ಪರವಾಗಿಲ್ಲ. ಆರು ತಿಂಗಳು ಬಿಡದೆ ಮಾಡಿದರೆ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ದತ್ತಾಂಶ-ತರ್ಕದ ವಿಭಾಗದಲ್ಲಿ ಪ್ರಶ್ನೆಗಳು ಗುಂಪು ಗುಂಪಾಗಿ ಬರುತ್ತವೆ. ಒಂದು ಕೋಷ್ಟಕ ಅಥವಾ ಒಗಟು, ಅದರ ಮೇಲೆ ನಾಲ್ಕೈದು ಪ್ರಶ್ನೆ. ಇಲ್ಲಿ ಸೋಲುವವರು ಬುದ್ಧಿ ಕಡಿಮೆ ಇರುವವರಲ್ಲ, ಮೊದಲು ಕಂಡ ಗುಂಪಿಗೆ ಅಂಟಿಕೊಂಡು 20 ನಿಮಿಷ ಕಳೆಯುವವರು. ಮೊದಲ ಐದು ನಿಮಿಷ ಏನನ್ನೂ ಬಿಡಿಸದೆ ಎಲ್ಲವನ್ನೂ ಓದಿ, ಸುಲಭ ಅನ್ನಿಸಿದ್ದನ್ನು ಗುರುತು ಮಾಡಿಕೊಳ್ಳಿ. ಹತ್ತು ನಿಮಿಷದಲ್ಲಿ ದಾರಿ ಕಾಣದಿದ್ದರೆ ಎದ್ದು ಮುಂದಿನದಕ್ಕೆ ಹೋಗಿ.

ಗಣಿತಕ್ಕೆ ಹತ್ತನೇ ಕ್ಲಾಸಿನ ಪುಸ್ತಕವೇ ಬುನಾದಿ. ಶೇಕಡಾವಾರು, ಅನುಪಾತ, ಲಾಭ-ನಷ್ಟ, ಕಾಲ-ಕೆಲಸ, ವೇಗ-ದೂರ, ಇವುಗಳ ಜೊತೆ ಬೀಜಗಣಿತ ಸೇರಿದರೆ ಅರ್ಧಕ್ಕಿಂತ ಹೆಚ್ಚು ಪ್ರಶ್ನೆ ಆದವು. ಬಿಎ, ಬಿಕಾಂ ಓದಿದವರು ಇವಿಷ್ಟನ್ನು ಗಟ್ಟಿ ಮಾಡಿಕೊಂಡು ಉಳಿದದ್ದನ್ನು ಆಮೇಲೆ ನೋಡಿದರೂ ಸಾಕು.

ಏಪ್ರಿಲ್‌ನಲ್ಲಿ ಶುರು ಮಾಡಿದರೆ ಆರಾಮಾಗಿ ಓದಬಹುದು. ಆಗಸ್ಟ್‌ವರೆಗೆ ಪಾಠಗಳು, ಆಮೇಲೆ ವಾರಕ್ಕೊಂದು ಮಾಕ್ ಟೆಸ್ಟ್, ಅಂದರೆ ಅಣಕು ಪರೀಕ್ಷೆ. ಮಾಕ್ ಬರೆಯಲು ಎರಡು ಗಂಟೆ ಕೊಟ್ಟರೆ ಅದನ್ನು ಬಿಚ್ಚಿ ನೋಡಲು ನಾಲ್ಕು ಗಂಟೆ ಕೊಡಿ. ಪ್ರತಿ ತಪ್ಪಿನ ಪಕ್ಕ ಕಾರಣ ಬರೆಯಿರಿ: ವಿಷಯವೇ ಗೊತ್ತಿರಲಿಲ್ಲವಾ, ಲೆಕ್ಕ ತಪ್ಪಿತಾ, ಪ್ರಶ್ನೆ ಸರಿಯಾಗಿ ಓದಲಿಲ್ಲವಾ, ಬಿಡಬೇಕಾದದ್ದನ್ನು ಹಿಡಿದು ಕೂತಿರಾ? ನಾಲ್ಕು ಮಾಕ್ ಆದ ಮೇಲೆ ನಿಮ್ಮ ಕಾಯಿಲೆ ಯಾವುದೆಂದು ಆ ನೋಟ್‌ಬುಕ್ಕೇ ಹೇಳುತ್ತದೆ. ಕೋಚಿಂಗ್ ಬೇಕಾ ಅಂತ ಕೇಳಿದರೆ, ತಾನೇ ಕೂತು ಓದುವ ಅಭ್ಯಾಸ ಇರುವವರಿಗೆ ಒಂದು ಒಳ್ಳೆಯ ಆನ್‌ಲೈನ್ ಮಾಕ್ ಸರಣಿ ಸಾಕು ಎನ್ನುತ್ತೇನೆ. ಹಳೆಯ ಪ್ರಶ್ನೆಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ರಾಯಚೂರಿನಲ್ಲೋ ಶಿರಸಿಯಲ್ಲೋ ಇರುವವರು ಇದಕ್ಕಾಗಿ ಬೆಂಗಳೂರಿನಲ್ಲಿ ಪಿಜಿ ಹಿಡಿದು ಕೂರಬೇಕಾಗಿಲ್ಲ.

ಕರೆ ಬಂದ ಮೇಲೆ

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸಂದರ್ಶನಗಳ ಕಾಲ. ಹೊಸ ಐಐಎಂಗಳಲ್ಲಿ ಹಲವು ಸೇರಿಕೊಂಡು ಒಂದೇ ಸಂದರ್ಶನ ನಡೆಸುತ್ತವೆ. ಕೇಳುವುದು ಮುಖ್ಯವಾಗಿ ನಿಮ್ಮ ಡಿಗ್ರಿಯ ವಿಷಯ, ನಿಮ್ಮ ಕೆಲಸ, ನಿಮ್ಮ ಊರು. ಹಾವೇರಿ ಜಿಲ್ಲೆಯ ಹುಡುಗಿಗೆ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಬೆಲೆ ಹೇಗೆ ನಿಲ್ಲುತ್ತದೆ, ಕೋಲ್ಡ್ ಸ್ಟೋರೇಜ್ ಯಾಕೆ ಬೇಕು, ಆಂಧ್ರದ ತಳಿ ಬಂದು ಏನಾಯಿತು ಎಂದು ಹೇಳಲು ಬರಬೇಕು. ಚನ್ನಪಟ್ಟಣದವರಿಗೆ ಗೊಂಬೆ, ಇಳಕಲ್‌ನವರಿಗೆ ಸೀರೆ. ವ್ಯಾಪಾರ ಕಲಿಯಲು ಹೊರಟವರು ತಮ್ಮ ಊರಿನ ವ್ಯಾಪಾರ ತಿಳಿದಿಲ್ಲ ಅಂದರೆ ಕೇಳುವವರಿಗೆ ನಂಬಿಕೆ ಬರುವುದು ಕಷ್ಟ ಅಲ್ವಾ? ಇಂಗ್ಲಿಷ್ ಸರಾಗವಾಗಿ ಇಲ್ಲದಿದ್ದರೆ ನಿಧಾನವಾಗಿ, ಚಿಕ್ಕ ವಾಕ್ಯಗಳಲ್ಲಿ ಮಾತಾಡಿ. ವಿಷಯ ಗಟ್ಟಿಯಿದ್ದರೆ ಕೇಳುತ್ತಾರೆ.

ಮೀಸಲಾತಿಯ ದಾಖಲೆಯಲ್ಲಿ ಕರ್ನಾಟಕದವರು ಎಡವುವ ಒಂದು ಜಾಗ ಇದೆ. ರಾಜ್ಯದ 2ಎ, 2ಬಿ, 3ಎ, 3ಬಿ ಪ್ರಮಾಣಪತ್ರಗಳು ಐಐಎಂಗಳಲ್ಲಿ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇರಬೇಕು. ಕೆನೆಪದರಕ್ಕೆ ಸೇರಿಲ್ಲ ಎಂಬ ಪ್ರಮಾಣಪತ್ರವೂ ಕೇಂದ್ರದ ನಮೂನೆಯಲ್ಲೇ ಇರಬೇಕು. ರಾಜ್ಯದ ಪಟ್ಟಿಯಲ್ಲಿದ್ದು ಕೇಂದ್ರದ್ದರಲ್ಲಿ ಇಲ್ಲದ ಜಾತಿಗಳೂ ಇವೆ. ಅಂಥವರು ವರಮಾನ ಮತ್ತು ಆಸ್ತಿಯ ಮಿತಿಯೊಳಗಿದ್ದರೆ ಆರ್ಥಿಕವಾಗಿ ಹಿಂದುಳಿದವರ ಇಡಬ್ಲ್ಯುಎಸ್ ಕೋಟಾದಲ್ಲಿ ಅರ್ಜಿ ಹಾಕಬಹುದು. ಕ್ಯಾಟ್ ಅರ್ಜಿ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ತುಂಬುವಾಗಲೇ ಈ ಕಾಗದ ಕೇಳುತ್ತಾರೆ, ಆದ್ದರಿಂದ ನಾಡಕಚೇರಿಗೆ ಜುಲೈನಲ್ಲೇ ಹೋಗಿ. ಪಿಜಿಸಿಇಟಿಗೆ ರಾಜ್ಯದ ಪ್ರಮಾಣಪತ್ರಗಳೇ ಬೇಕು. ಕಲ್ಯಾಣ ಕರ್ನಾಟಕದವರು 371ಜೆ ಪ್ರಮಾಣಪತ್ರವನ್ನೂ ಮಾಡಿಸಿಟ್ಟುಕೊಳ್ಳಿ.

ಕೆಲವು ಖಾಸಗಿ ಕಾಲೇಜುಗಳು ಕ್ಯಾಟ್ ಫಲಿತಾಂಶಕ್ಕೂ ಮೊದಲೇ ಫೋನ್ ಮಾಡಿ "ಸೀಟು ಹೋಗಿಬಿಡುತ್ತೆ, ಇವತ್ತೇ ಐವತ್ತು ಸಾವಿರ ಕಟ್ಟಿ" ಎಂದು ಅವಸರ ಮಾಡುತ್ತವೆ. ಫೀಸು ವಾಪಸಿನ ನಿಯಮವನ್ನು ಬರಹದಲ್ಲಿ ಕೇಳದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ವಾಪಸ್ ಕೊಡಬೇಕು, ತಮ್ಮಲ್ಲೇ ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ, ಎಐಸಿಟಿಇ ಎರಡೂ ಹೇಳಿವೆ. ಮೂಲ ಅಂಕಪಟ್ಟಿ ತಮ್ಮಲ್ಲೇ ಇರಬೇಕು ಎಂದು ಹಟ ಹಿಡಿಯುವ ಕಾಲೇಜನ್ನು ಪಟ್ಟಿಯಿಂದ ತೆಗೆದುಹಾಕಿ.